ಕ್ಯಾಪಿನೊಳಗಿನ ಸಿಮೆಂಟು

ಎಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಎಸ್. ಓದುವಾಗ, ಸಿಮೆಂಟು ಕಲೆಸಲು ಬಾರದೆ ಬೈಸಿಕೊಳ್ಳದವರು ನಮ್ಮ ತರಗತಿಯಲ್ಲಿ ಯಾರೂ ಇರಲಿಲ್ಲ. ರೋಗಿಯ ಹಲ್ಲು ಮುಟ್ಟುವ ಮೊದಲು ಕಲಿಯಬೇಕಾದ ವಿದ್ಯೆ ಅದು. ಒಂದು ಬೆರಳು ದಪ್ಪದ ಗಾಜಿನ ಸ್ಲ್ಯಾಬು, ಉಕ್ಕಿನ ಸ್ಪ್ಯಾಚುಲಾ, ಜಿಂಕ್ ಫಾಸ್ಫೇಟಿನ ಪುಡಿ, ಪಕ್ಕದಲ್ಲಿ ಕೆಲವು ಹನಿ ದ್ರವ. ಪುಡಿಯಲ್ಲಿ ಬಹುಪಾಲು ಜಿಂಕ್ ಆಕ್ಸೈಡ್, ಹತ್ತರಲ್ಲೊಂದು ಪಾಲು ಮೆಗ್ನೀಷಿಯಂ ಆಕ್ಸೈಡ್. ದ್ರವವೆಂದರೆ ನೀರು ಬೆರೆತ ಫಾಸ್ಫಾರಿಕ್ ಆಮ್ಲ. ಎರಡನ್ನೂ ಒಮ್ಮೆಲೇ ಸೇರಿಸಿದರೆ ಕಾವೆದ್ದು ಕಣ್ಣೆದುರೇ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಸ್ಪ್ಯಾಚುಲಾದ ಅಂಚಿನಲ್ಲಿ ಗೆರೆ ಎಳೆದು ಪುಡಿಯನ್ನು ಆರು ಪಾಲು ಮಾಡಬೇಕು: ಕಾಲು ಭಾಗದವು ಮೂರು, ಎಂಟರಲ್ಲೊಂದು ಭಾಗದ್ದು ಒಂದು, ಹದಿನಾರರಲ್ಲೊಂದು ಭಾಗದವು ಎರಡು. ಮೊದಲು ಹೋಗುವುದು ಚಿಕ್ಕವೆರಡು. ಅವು ಆಮ್ಲದ ಉಗ್ರತೆಯನ್ನು ಸ್ವಲ್ಪ ತಗ್ಗಿಸಿ, ಮುಂದೆ ಬರುವ ದೊಡ್ಡ ಪಾಲುಗಳಿಗೆ ದಾರಿ ಮಾಡಿಕೊಡುತ್ತವೆ. ಸ್ಲ್ಯಾಬಿನ ಅರ್ಧಕ್ಕೂ ಹೆಚ್ಚು ಜಾಗಕ್ಕೆ ಹರಡುತ್ತ, ಗಾಜಿಗೆ ಕಾವು ಕೊಡುತ್ತ, ಒಂದೂವರೆ ನಿಮಿಷ ತಿಕ್ಕಬೇಕು. ಪುಡಿ ಹಾರುತ್ತದೆಂದು ಫ್ಯಾನು ಆರಿಸಿರುತ್ತಿದ್ದರು. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ ಫ್ಯಾನಿಲ್ಲದ ಕೋಣೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಕೊನೆಗೆ ಸರ್ ಬಂದು ಸ್ಪ್ಯಾಚುಲಾವನ್ನು ಸಿಮೆಂಟಿಗೆ ಊರಿ ಮೆಲ್ಲಗೆ ಎತ್ತುತ್ತಿದ್ದರು. ಎಳೆ ಸುಮಾರು ಒಂದು ಇಂಚು ಮೇಲೆದ್ದು ತುಂಡಾದರೆ ಪಾಸು. ಏಳದೆ ಮೊಂಡಾಗಿ ನಿಂತರೆ ಪುಡಿ ಜಾಸ್ತಿ, ಹನಿಯಾಗಿ ಸುರಿದರೆ ಪುಡಿ ಕಡಿಮೆ. ತೆಳುವಾಗಿದ್ದರೆ ಕ್ಯಾಪು ಸಲೀಸಾಗಿ ಕೂತೀತು ನಿಜ. ಆದರೆ ಪುಡಿ ಕಡಿಮೆಯಾದ ಸಿಮೆಂಟು ಬಲವಿಲ್ಲದ್ದು, ಬೇಗ ಕರಗುವಂಥದ್ದು, ಉಳಿದ ಆಮ್ಲದಿಂದ ಹಲ್ಲಿನೊಳಗಿನ ಜೀವಕ್ಕೆ ತೊಂದರೆ ಕೊಡುವಂಥದ್ದು. ಇಷ್ಟೆಲ್ಲ ಸರ್ಕಸ್ಸು ಯಾಕೆಂದರೆ, ಕ್ಯಾಪಿಗೂ ಹಲ್ಲಿಗೂ ನಡುವೆ ಉಳಿಯಬೇಕಾದ ಪದರ 25 ಮೈಕ್ರಾನಿಗಿಂತ ದಪ್ಪವಿರಬಾರದು. ಅಂದರೆ ಒಂದು ಮಿಲಿಮೀಟರಿನ ನಲವತ್ತರಲ್ಲೊಂದು ಭಾಗ.

ಆಮೇಲೆ ಶಿರಸಿಗೆ ಬಂದು ಕ್ಲಿನಿಕ್ ತೆರೆದೆ. ಪುಸ್ತಕದ ಪ್ರಕಾರ ಸ್ಲ್ಯಾಬನ್ನು ತಣ್ಣಗೆ ಮಾಡಿಟ್ಟುಕೊಂಡರೆ ಕಲೆಸಲು ಹೆಚ್ಚು ಸಮಯ ಸಿಗುತ್ತದೆ, ಹೆಚ್ಚು ಪುಡಿಯನ್ನೂ ಹಿಡಿಸಬಹುದು. ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತಿತ್ತು. ಮಳೆಗಾಲ ಹಿಡಿದ ಮೇಲೆ ಫ್ರಿಜ್ಜಿನಿಂದ ತೆಗೆದ ಸ್ಲ್ಯಾಬಿನ ಮೇಲೆ ಅರೆಗಳಿಗೆಯಲ್ಲಿ ಮಂಜು ಕೂತು, ಸಣ್ಣ ಸಣ್ಣ ಹನಿಯಾಗಿ ನೀರು ಇಳಿಯತೊಡಗಿತು. ನೀರು ಸೇರಿದ ಜಿಂಕ್ ಫಾಸ್ಫೇಟು ಬೇಗ ಗಟ್ಟಿಯಾಗುತ್ತದೆ, ಬಲವೂ ಕಡಿಮೆ. ಒರೆಸಿದಷ್ಟೂ ಮತ್ತೆ ಬೆವರುತ್ತದೆ. ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಇತ್ತು: ಸ್ಲ್ಯಾಬಿನ ತಂಪು ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕೆಳಗಿಳಿಯಬಾರದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಾಲು ಅದು. ಬಟ್ಟೆ ವಾರಗಟ್ಟಲೆ ಒಣಗದ ಊರಿನಲ್ಲಿ ಜುಲೈ ತಿಂಗಳು ಕಳೆದಾಗ ಅದರ ಅರ್ಥ ಆಯಿತು. ಅಲ್ಲಿಂದ ಮುಂದೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸ್ಲ್ಯಾಬು ಕಪಾಟಿನಲ್ಲೇ.

ಕಲೆಸುವ ಕೆಲಸವನ್ನು ಬಲುಬೇಗ ನನಗಿಂತ ಚೆನ್ನಾಗಿ ಮಾಡತೊಡಗಿದವರು ನಮ್ಮ ಸಹಾಯಕಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು. ರಸಾಯನಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. "ಬಿಸಿಲು ಬಿದ್ದಿದೆ ಡಾಕ್ಟ್ರೇ, ಇವತ್ತು ಬೇಗ ಹಿಡೀತದೆ. ನೀವು ಹತ್ತಿಯೆಲ್ಲ ಇಟ್ಟು ರೆಡಿ ಆದ್ಮೇಲೆ ಹೇಳಿ" ಎನ್ನುತ್ತಿದ್ದರು. ದ್ರವದ ಬಾಟಲಿಯನ್ನು ಬೆಳಕಿಗೆ ಹಿಡಿದು, ಒಳಗೆ ಮಬ್ಬು ಕಂಡರೆ ಅಥವಾ ಬಾಯಲ್ಲಿ ಹರಳು ಕಟ್ಟಿದ್ದರೆ ನನ್ನನ್ನು ಕೇಳದೆಯೇ ಎಸೆಯುತ್ತಿದ್ದರು. ಮುಚ್ಚಳ ತೆಗೆದು ಹಾಕಿ ಮಾಡುವಾಗ ದ್ರವದೊಳಗಿನ ನೀರಿನ ಲೆಕ್ಕ ತಪ್ಪುತ್ತದೆ. ಬಾಟಲಿಯ ತಳದ ಐದನೇ ಒಂದು ಭಾಗವನ್ನು ಚೆಲ್ಲುವುದೇ ಒಳ್ಳೆಯದೆಂದು ತಯಾರಕರೇ ಸ್ವಲ್ಪ ಹೆಚ್ಚು ತುಂಬಿ ಕೊಟ್ಟಿರುತ್ತಾರೆ. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಲು ನನಗೆ ಕೈ ಬರುತ್ತಿರಲಿಲ್ಲ. ಅಕ್ಕನಿಗೆ ಆ ಸಂಕೋಚ ಇರಲಿಲ್ಲ.

ಆಗ ಶಿರಸಿಯಲ್ಲಿ ಕ್ಯಾಪು ಮಾಡುವ ಲ್ಯಾಬು ಇರಲಿಲ್ಲ. ಹಲ್ಲು ಕೊರೆದು ಅಚ್ಚು ತೆಗೆದು, ಪ್ಲಾಸ್ಟರ್ ಎರೆದು, ರಟ್ಟಿನ ಡಬ್ಬಿಯಲ್ಲಿ ಹತ್ತಿ ತುರುಕಿ ಹುಬ್ಬಳ್ಳಿ ಬಸ್ಸಿಗೆ ಕೊಡುವುದು. ಒಂದು ವಾರಕ್ಕೋ ಹತ್ತು ದಿನಕ್ಕೋ ಬಸ್ಸಿನಲ್ಲೇ ಕ್ಯಾಪು ವಾಪಸು. ಅಷ್ಟು ದಿನ ರೋಗಿಯ ಹಲ್ಲಿನ ಮೇಲೆ ತಾತ್ಕಾಲಿಕ ಕ್ಯಾಪು. ಅದನ್ನು ಹಿಡಿದಿಡುವುದು ಜಿಂಕ್ ಆಕ್ಸೈಡ್ ಮತ್ತು ಲವಂಗದ ಎಣ್ಣೆಯ ಯೂಜಿನಾಲ್ ಸೇರಿದ ಸಿಮೆಂಟು. ದಂತ ಚಿಕಿತ್ಸಾಲಯದ ವಾಸನೆ ಎಂದು ಜನ ಹೇಳುವುದು ಇದನ್ನೇ. ಕೊರೆದ ಹಲ್ಲನ್ನು ಸಂತೈಸುವ ಗುಣ ಇದಕ್ಕಿದೆ, ಬೇಕೆಂದಾಗ ಬಿಟ್ಟು ಕೊಡುವ ಗುಣವೂ ಇದೆ. ಒಂದೇ ತಕರಾರೆಂದರೆ, ಮುಂದೆ ರೆಸಿನ್ ಸಿಮೆಂಟು ಹಾಕುವುದಿದ್ದರೆ ಯೂಜಿನಾಲ್ ಆಗದು. ಹಲ್ಲಿನಲ್ಲಿ ಉಳಿದ ಅದರ ಅಂಶ ರೆಸಿನ್ ಗಟ್ಟಿಯಾಗುವುದಕ್ಕೇ ಅಡ್ಡ ಬರುತ್ತದೆ.

ಜಿಂಕ್ ಫಾಸ್ಫೇಟು ಹಲ್ಲಿಗೆ ಅಂಟುವುದೇ ಇಲ್ಲ ಎಂದು ಹೇಳಿದರೆ ಹೊರಗಿನವರಿಗೆ ನಂಬಿಕೆ ಬರುವುದಿಲ್ಲ. ನೂರು ವರ್ಷಕ್ಕೂ ಮಿಕ್ಕಿ ಜಗತ್ತಿನ ಕ್ಯಾಪುಗಳನ್ನು ಕೂರಿಸಿದ ಸಿಮೆಂಟಿಗೆ ರಾಸಾಯನಿಕವಾಗಿ ಅಂಟುವ ಶಕ್ತಿಯೇ ಇಲ್ಲ. ಹಲ್ಲಿನ ಮೈಯಲ್ಲಿ, ಕ್ಯಾಪಿನ ಒಳಮೈಯಲ್ಲಿ ಇರುವ ಒರಟು ತಗ್ಗುಗಳಿಗೆ ಇಳಿದು, ಗಟ್ಟಿಯಾಗಿ, ಜಾರಗೊಡದೆ ನಿಲ್ಲುತ್ತದೆ, ಅಷ್ಟೆ. ನಮ್ಮ ಕಡೆಯ ಕವಳದ ಸಂಚಿಯಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ ಇರುತ್ತದಲ್ಲ, ಅದರ ಮುಚ್ಚಳಕ್ಕೆ ಯಾವ ಅಂಟೂ ಇಲ್ಲ. ಎರಡರ ಗೋಡೆಯೂ ನೇರವಾಗಿ, ಒಂದಕ್ಕೊಂದು ಹತ್ತಿರವಾಗಿ ಇರುವುದರಿಂದ ಬೀಳುವುದಿಲ್ಲ. ಹಲ್ಲನ್ನೂ ಹಾಗೆಯೇ ಕೊರೆಯಬೇಕು. ಎದುರುಬದುರು ಗೋಡೆಗಳ ಓರೆ ಆರು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕೆಂದು ನಮಗೆ ಕಲಿಸಿದ್ದರು. ಬಾಯೊಳಗೆ, ಕನ್ನಡಿಯಲ್ಲಿ ನೋಡಿಕೊಂಡು, ನಾಲಿಗೆಯನ್ನು ಸರಿಸಿಕೊಂಡು ಆರು ಡಿಗ್ರಿ ಸಾಧಿಸುವುದು ಹೇಳಿದಷ್ಟು ಸುಲಭವಲ್ಲ. ಮೊಟಕು ಹಲ್ಲನ್ನು ಗೋಪುರದ ಆಕಾರಕ್ಕೆ ಕೊರೆದುಬಿಟ್ಟರೆ ಜಿಂಕ್ ಫಾಸ್ಫೇಟು ಅದನ್ನು ಕಾಪಾಡುವುದಿಲ್ಲ. ಆ ಸಿಮೆಂಟಿನ ಶಿಸ್ತು ಸಿಮೆಂಟಿನಲ್ಲಿ ಇರಲಿಲ್ಲ, ಕೊರೆಯುವವರ ಕೈಯಲ್ಲಿ ಇರಬೇಕಿತ್ತು.

ಹೀಗಾಗಿ ಬಿದ್ದ ಕ್ಯಾಪುಗಳು ನನಗೆ ಬಹಳ ಕಲಿಸಿವೆ. ಹಳ್ಳಿಯಿಂದ ಬರುವವರು ಅವನ್ನು ಜೋಪಾನವಾಗಿ ತರುತ್ತಾರೆ: ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಚಿ, ಸೆರಗಿನ ತುದಿಗೆ ಗಂಟು ಹಾಕಿ, ತಂಬಾಕಿನ ಡಬ್ಬಿಯಲ್ಲಿಟ್ಟು. "ಊಟ ಮಾಡ್ತಾ ಇದ್ದೆ ಮಾರಾಯ್ರೆ, ಕಲ್ಲು ಸಿಕ್ತು ಅಂತ ಉಗಿದೆ, ನೋಡಿದ್ರೆ ಇದು" ಎಂದರು ಒಬ್ಬ ತೋಟದ ಹೆಗಡೆಯವರು. ಅವರದು ಬೇರೆಲ್ಲೋ ಬಹಳ ಹಿಂದೆ ಹಾಕಿಸಿದ ಪೂರ್ತಿ ಲೋಹದ ಕ್ಯಾಪು. ಕವಳದ ಅಡಿಕೆ ಜಗಿದು ಜಗಿದು ಮೇಲ್ಮೈ ಕನ್ನಡಿಯಾಗಿತ್ತು. ನಾನು ಮೊದಲು ನೋಡುವುದು ಒಳಗನ್ನು. ಸಿಮೆಂಟು ಕ್ಯಾಪಿನಲ್ಲೇ ಪೂರ್ತಿ ಉಳಿದು ಹಲ್ಲು ಬೋಳಾಗಿದ್ದರೆ ಒಂದು ಕಥೆ. ಹಲ್ಲಿನ ಮೇಲೆ ಉಳಿದು ಕ್ಯಾಪಿನ ಒಳಗೆ ಲೋಹ ಹೊಳೆಯುತ್ತಿದ್ದರೆ ಇನ್ನೊಂದು. ಅಂಚಿನಲ್ಲಿ ಮಾತ್ರ ತೊಳೆದುಹೋಗಿ, ಕಪ್ಪು ಗೆರೆ ಬಿದ್ದು, ಹುಳುಕಿನ ವಾಸನೆ ಬಂದರೆ ಮೂರನೆಯದು. ಅಂಚು ಸರಿಯಾಗಿ ಕೂರದ ಕಡೆ ಬಾಯಿಯ ಆಮ್ಲಗಳು ಜಿಂಕ್ ಫಾಸ್ಫೇಟನ್ನು ನಿಧಾನವಾಗಿ ಕರಗಿಸುತ್ತವೆ. ಹೆಗಡೆಯವರ ಹಲ್ಲು ಒಳಗೆ ಗಟ್ಟಿಯಾಗಿಯೇ ಇತ್ತು. ಕ್ಯಾಪನ್ನು ಉಜ್ಜಿ ತೊಳೆದು, ಹೊಸದಾಗಿ ಕಲೆಸಿ, ಅದನ್ನೇ ಮತ್ತೆ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಹೊಸ ಕ್ಯಾಪಿನ ದುಡ್ಡು ಸಿಗಲಿಲ್ಲವೆಂಬ ಬೇಸರಕ್ಕಿಂತ, ಇಷ್ಟು ಸಲೀಸಾಗಿ ಕಳಚಿ ಮತ್ತೆ ಕೂರುವ ವಸ್ತುವಿನ ಮೇಲಿನ ಗೌರವವೇ ನನಗೆ ಹೆಚ್ಚು.

ಹಲ್ಲಿಗೆ ನಿಜವಾಗಿ ಅಂಟುವ ಸಿಮೆಂಟು ಬಂದದ್ದು 1968ರಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಡೆನಿಸ್ ಸ್ಮಿತ್ ಫಾಸ್ಫಾರಿಕ್ ಆಮ್ಲವನ್ನು ತೆಗೆದು ಪಾಲಿಅಕ್ರಿಲಿಕ್ ಆಮ್ಲ ಹಾಕಿದರು. ಉದ್ದುದ್ದ ಸರಪಳಿಯ ಅಣು. ಅದು ಹಲ್ಲಿನ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ, ಅಣು ದೊಡ್ಡದಾದ್ದರಿಂದ ಹಲ್ಲಿನ ಸೂಕ್ಷ್ಮ ನಾಳಗಳೊಳಗೆ ಅಷ್ಟಾಗಿ ಇಳಿಯುವುದಿಲ್ಲ, ನೋವೂ ಕಡಿಮೆ. ಇದೇ ಪಾಲಿಕಾರ್ಬಾಕ್ಸಿಲೇಟ್. ಕಲೆಸುವ ಶಿಸ್ತು ಮಾತ್ರ ತಿರುಗುಮುರುಗು: ಪುಡಿಯನ್ನು ಒಟ್ಟಿಗೇ ಸೇರಿಸಿ ಅರೆ ನಿಮಿಷದಲ್ಲಿ ಮುಗಿಸಬೇಕು, ಮೇಲ್ಮೈಯ ಹೊಳಪು ಮಾಸುವ ಮೊದಲೇ ಕ್ಯಾಪು ಹಲ್ಲಿನ ಮೇಲಿರಬೇಕು. ಹೊಳಪು ಹೋಗಿ ಜೇಡರ ಬಲೆಯಂತೆ ಎಳೆ ಬಿಡತೊಡಗಿದರೆ ಅಂಟುವ ಕಾಲ ಮುಗಿಯಿತು. ಆರು ಪಾಲಿನ ತಾಳ್ಮೆ ಕಲಿತ ಅಕ್ಕನಿಗೆ ಈ ಅವಸರ ಹಿಡಿಸಲೇ ಇಲ್ಲ. "ಇದು ಎಂಥದ್ದು ಡಾಕ್ಟ್ರೇ, ರಬ್ಬರಿನ ಹಾಗೆ ಎಳೀತದೆ" ಎಂದು ಗೊಣಗುತ್ತಿದ್ದರು. ಅವರು ಹೇಳಿದ್ದು ಸರಿಯೇ. ರಬ್ಬರಿನ ಹಾಗಿರುವಾಗ ಹೊರಬಂದ ಹೆಚ್ಚುವರಿ ಸಿಮೆಂಟನ್ನು ಎಳೆದರೆ ಅಂಚಿನೊಳಗಿನದೂ ಕಿತ್ತು ಬರುತ್ತದೆ. ಪೂರ್ತಿ ಗಟ್ಟಿಯಾಗುವ ತನಕ ಕೈ ಕಟ್ಟಿ ಕೂರಬೇಕು.

ಸ್ಮಿತ್‌ರ ಸಿಮೆಂಟು ಬಂದ ಮರುವರ್ಷ, ಲಂಡನ್ನಿನ ಗವರ್ನಮೆಂಟ್ ಕೆಮಿಸ್ಟ್ ಪ್ರಯೋಗಾಲಯದಲ್ಲಿ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಗ್ಲಾಸ್ ಅಯಾನಮರ್ ಕಂಡುಹಿಡಿದರು. ಲೋಕಕ್ಕೆ ತಿಳಿಸಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನನಗೆ ಇದರ ಹಿಂದಿನ ಯೋಚನೆ ಇವತ್ತಿಗೂ ಖುಷಿ ಕೊಡುತ್ತದೆ. ಎರಡು ಪುಡಿ, ಎರಡು ಆಮ್ಲ. ಜಿಂಕ್ ಆಕ್ಸೈಡಿಗೆ ಫಾಸ್ಫಾರಿಕ್ ಆಮ್ಲ ಸೇರಿಸಿದರೆ ಹಳೆಯ ಜಿಂಕ್ ಫಾಸ್ಫೇಟು, ಪಾಲಿಅಕ್ರಿಲಿಕ್ ಸೇರಿಸಿದರೆ ಸ್ಮಿತ್‌ರ ಸಿಮೆಂಟು. ಫ್ಲೋರೈಡ್ ಇರುವ ಗಾಜಿನ ಪುಡಿಗೆ ಫಾಸ್ಫಾರಿಕ್ ಆಮ್ಲ ಸೇರಿಸಿದರೆ ಮುಂದಿನ ಹಲ್ಲುಗಳಿಗೆ ತುಂಬುತ್ತಿದ್ದ ಹಳೆಯ ಸಿಲಿಕೇಟು. ಉಳಿದ ನಾಲ್ಕನೇ ಜೋಡಿ, ಗಾಜು ಮತ್ತು ಪಾಲಿಅಕ್ರಿಲಿಕ್. ಕಾಗದದ ಮೇಲೆ ನಾಲ್ಕು ಮನೆ ಬರೆದರೆ ಮಗುವಿಗೂ ಕಾಣುವ ಖಾಲಿ ಜಾಗ. ಆದರೆ ಅದನ್ನು ತುಂಬಲು ಗಾಜಿನ ಹದವನ್ನೇ ಬದಲಿಸಬೇಕಾಯಿತು, ಮುಂದೆ ಟಾರ್ಟಾರಿಕ್ ಆಮ್ಲವನ್ನೂ ಸೇರಿಸಬೇಕಾಯಿತು. ಅದಿಲ್ಲದೆ ಕೆಲಸಕ್ಕೆ ಸಮಯವೇ ಸಿಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಕ್ಲಿನಿಕ್ಕಿನ ಬಹುಪಾಲು ಕ್ಯಾಪುಗಳು ಗ್ಲಾಸ್ ಅಯಾನಮರಿನಲ್ಲೇ ಕೂತವು. ಹಲ್ಲಿಗೆ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಗಾಜಿನ ಸ್ಲ್ಯಾಬು ಹೋಗಿ ಹಾಳೆ ಹರಿಯುವ ಪ್ಯಾಡು ಬಂತು, ಉಕ್ಕಿನ ಸ್ಪ್ಯಾಚುಲಾ ಹೋಗಿ ಪ್ಲಾಸ್ಟಿಕ್ಕಿನದು ಬಂತು. ಗಾಜಿನ ಪುಡಿ ಉಕ್ಕನ್ನು ತೇಯ್ದು ಸಿಮೆಂಟನ್ನು ಬೂದು ಮಾಡುತ್ತದೆ. ಇದಕ್ಕೂ ತನ್ನದೇ ನಖರಾ ಇದೆ. ಮೊದಲ ಕೆಲವು ನಿಮಿಷ ಎಂಜಲು ತಾಗಿದರೆ ಅಂಚು ಸುಣ್ಣದಂತೆ ಬಿಳಿಚಿ ಕರಗುತ್ತದೆ, ತೀರ ಒಣಗಿಸಿದರೆ ಬಿರುಕು ಬಿಡುತ್ತದೆ. ಅಂಚಿಗೆ ವಾರ್ನಿಷ್ ಅಥವಾ ವ್ಯಾಸಲಿನ್ ಸವರುವುದು ಅದಕ್ಕೇ. ಕ್ಯಾಪು ಹಾಕಿಸಿಕೊಂಡವರಲ್ಲಿ ಕೆಲವರು ತಣ್ಣೀರು ಕುಡಿದರೆ ಜುಂ ಎನ್ನುತ್ತದೆ ಎಂದು ವಾಪಸು ಬರುತ್ತಿದ್ದ ಕಾಲವದು. ಹಲ್ಲನ್ನು ಗಾಳಿ ಹೊಡೆದು ಮರಳುಗಾಡು ಮಾಡಬೇಡಿ, ಹಸಿಯೂ ಅಲ್ಲದ ಒಣವೂ ಅಲ್ಲದ ಹದದಲ್ಲಿ ಬಿಡಿ ಎಂಬ ಮಾತು ಆಮೇಲೆ ಎಲ್ಲ ಕಡೆ ಕೇಳಿಬಂತು. ನಂತರ ಇದಕ್ಕೇ ರೆಸಿನ್ ಬೆರೆಸಿದ ತಳಿ ಬಂದು ಬಲ ಹೆಚ್ಚಿತು, ಕರಗುವುದು ಕಡಿಮೆಯಾಯಿತು. ಇವತ್ತು ಲೋಹಕ್ಕೆ ಪಿಂಗಾಣಿ ಹೊದಿಸಿದ ಕ್ಯಾಪುಗಳಿಗೆ ನನ್ನ ಕೈ ಮೊದಲು ಹೋಗುವುದು ಅದರ ಕಡೆಗೇ.

ರೆಸಿನ್ ಸಿಮೆಂಟಿನ ಪರಿಚಯ ನನಗಾದದ್ದು ಒಬ್ಬ ತಾಳಮದ್ದಳೆಯ ಅರ್ಥಧಾರಿಯಿಂದ. ಬಚ್ಚಲಲ್ಲಿ ಜಾರಿ ಮೇಲಿನ ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದರು. ತೆಗೆದು ಹಾಕುವ ಹಲ್ಲು ಕಟ್ಟಿಕೊಂಡು ಕೃಷ್ಣಸಂಧಾನದ ಕೃಷ್ಣನಾಗಿ ಕೂತರೆ, ಮಾತು ಬಿಸಿಯೇರಿದಾಗ ಹಲ್ಲೇ ಸಭೆಗೆ ಹಾರೀತು ಎಂಬ ಹೆದರಿಕೆ. ಸೇತುವೆ ಕಟ್ಟಲು ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲು ಕೊರೆಯಲು ಅವರು ಒಪ್ಪಲಿಲ್ಲ. "ಬಿದ್ದದ್ದು ಒಂದು, ಅದಕ್ಕೆ ಇನ್ನೆರಡರ ಬಲಿಯಾ ಡಾಕ್ಟ್ರಮ್ಮ?" ಎಂದು ಅವರು ಕೇಳಿದ ಪ್ರಶ್ನೆಗೆ ಎದುರು ಅರ್ಥ ಹೇಳಲು ನನ್ನಿಂದಾಗಲಿಲ್ಲ.

ಅವರಿಗೆ ಮಾಡಿದ್ದು ಮೇರಿಲ್ಯಾಂಡ್ ಬ್ರಿಡ್ಜ್. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಕೃತಕ ಹಲ್ಲಿನ ಎರಡೂ ಬದಿಗೆ ಲೋಹದ ತೆಳು ರೆಕ್ಕೆ. ಅವನ್ನು ಪಕ್ಕದ ಹಲ್ಲುಗಳ ಹಿಂಬದಿಗೆ ಅಂಟಿಸುವುದು. ಇಲ್ಲಿ ಗೋಡೆಯ ಹಿಡಿತವೇನೂ ಇಲ್ಲ, ಎಲ್ಲವೂ ಸಿಮೆಂಟಿನ ಮೇಲೆ. ಇದಕ್ಕೆ ಬುನಾದಿ ಹಾಕಿದ್ದು ಮೈಕೆಲ್ ಬುವೊನಕೋರ್. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಸವರುವುದನ್ನು ಗಮನಿಸಿ, 1955ರಲ್ಲಿ ಹಲ್ಲಿನ ಎನಾಮಲ್ಲಿಗೂ ಅದನ್ನೇ ಹಚ್ಚಿ ನೋಡಿದವರು. ಎನಾಮಲ್ಲಿನ ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳೆದ್ದು ರೆಸಿನ್ ಅವುಗಳೊಳಗೆ ಬೇರೂರುತ್ತದೆ. ಯಾವ ಆಮ್ಲದ ಉಳಿಕೆಗೆ ನಾವು ಕಾಲೇಜಿನಲ್ಲಿ ಹೆದರುತ್ತಿದ್ದೆವೋ ಅದನ್ನೇ ಈಗ ಬೇಕೆಂದು ಹಚ್ಚುವುದು. ಲೋಹದ ಕಡೆಯ ಹಿಡಿತಕ್ಕೆ ಜಪಾನಿನ ಕುರಾರೆ ಕಂಪನಿಯ ಪನಾವಿಯ. 1983ರ ಆಸುಪಾಸಿಗೆ ಬಂದ ಅದರಲ್ಲಿ ಎಂ.ಡಿ.ಪಿ. ಎಂಬ ಫಾಸ್ಫೇಟಿನ ಅಣು ಇದ್ದು, ಲೋಹದ ಮೇಲಿನ ಆಕ್ಸೈಡ್ ಪದರವನ್ನು ಹಿಡಿಯುತ್ತದೆ. ಅದರ ವಿಚಿತ್ರ ಗುಣವೆಂದರೆ ಗಾಳಿ ತಾಗುತ್ತಿರುವಷ್ಟು ಹೊತ್ತು ಗಟ್ಟಿಯಾಗುವುದೇ ಇಲ್ಲ. ಅಕ್ಕ ಕಲೆಸಿ ಪ್ಯಾಡಿನ ಮೇಲೆ ತೆಳುವಾಗಿ ಹರಡಿಟ್ಟರೆ ಆರಾಮಾಗಿ ಕಾಯುತ್ತಿತ್ತು. ಬ್ರಿಡ್ಜು ಕೂರಿಸಿ ಅಂಚಿಗೆ ಗಾಳಿ ತಡೆಯುವ ಜೆಲ್ ಬಳಿದೊಡನೆ ಬಿಗಿಯತೊಡಗುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿಗೆ, ಲೈಟು ಬೇಡದ ಈ ಸಿಮೆಂಟು ಹೇಳಿ ಮಾಡಿಸಿದ ಹಾಗಿತ್ತು.

ಕೆಲವು ವರ್ಷಗಳ ಮೇಲೆ ಅರ್ಥಧಾರಿಗಳು ಬಂದು, ಒಂದು ಬದಿ ಏನೋ ಸಡಿಲವಾದ ಹಾಗಿದೆ, 'ಸ' ಹೇಳುವಾಗ ಗೊತ್ತಾಗುತ್ತದೆ ಎಂದರು. ಎರಡು ರೆಕ್ಕೆಯ ಬ್ರಿಡ್ಜಿನ ಕಾಯಿಲೆಯೇ ಅದು. ಎರಡು ಹಲ್ಲುಗಳು ತಮ್ಮ ಪಾಡಿಗೆ ಬೇರೆ ಬೇರೆ ದಿಕ್ಕಿಗೆ ಅಲುಗುತ್ತವೆ. ಒಂದು ರೆಕ್ಕೆ ಬಿಡುತ್ತದೆ, ಇನ್ನೊಂದು ಹಿಡಿದಿರುತ್ತದೆ. ಬಿಟ್ಟ ರೆಕ್ಕೆಯ ಹಿಂದೆ ಹುಳುಕು ಸದ್ದಿಲ್ಲದೆ ಬೆಳೆಯುತ್ತದೆ. ಬಿಟ್ಟದ್ದನ್ನು ಕತ್ತರಿಸಿ ತೆಗೆದು, ಒಂದೇ ರೆಕ್ಕೆಯ ಮೇಲೆ ಹಲ್ಲನ್ನು ನಿಲ್ಲಿಸಿದೆ. ಈಗ ಮುಂದಿನ ಹಲ್ಲುಗಳಿಗೆ ಮೊದಲಿಂದಲೇ ಒಂದೇ ರೆಕ್ಕೆ ಇಡುವುದು ರೂಢಿ. ಹೆಚ್ಚು ಕಡೆ ಅಂಟಿಸಿದರೆ ಹೆಚ್ಚು ಭದ್ರ ಎಂಬ ಲೆಕ್ಕ ಬಾಯಿಯಲ್ಲಿ ನಡೆಯುವುದಿಲ್ಲ.

2002ರಲ್ಲಿ ತಾನೇ ಅಂಟಿಕೊಳ್ಳುವ ರೆಸಿನ್ ಸಿಮೆಂಟುಗಳು ಬಂದಮೇಲೆ ಆಮ್ಲ ಹಚ್ಚು, ತೊಳೆ, ಪ್ರೈಮರ್ ಹಚ್ಚು ಎಂಬ ಮೆಟ್ಟಿಲುಗಳು ಇಳಿದುಹೋದವು. ಜೋಡಿ ಸಿರಿಂಜಿನ ತುದಿಯಲ್ಲೇ ಎರಡು ಪೇಸ್ಟು ಕಲೆತು ಹೊರಬರುತ್ತವೆ. ಮೊದಲ ಸಲ ನೋಡಿದ ಅಕ್ಕ "ಹಾಗಾದ್ರೆ ನನಗೆಂಥ ಕೆಲಸ?" ಎಂದು ನಕ್ಕರು. ಕೆಲಸ ಹೋಗಲಿಲ್ಲ, ಬೇರೆಯಾಯಿತು. ರೆಸಿನ್ನಿಗೆ ಎರಡು ಮೂರು ಸೆಕೆಂಡು ಮಾತ್ರ ಲೈಟು ತೋರಿಸಿ, ಇನ್ನೂ ಮೆತ್ತಗಿರುವಾಗಲೇ ಹೆಚ್ಚುವರಿಯನ್ನು ಸುಲಿದು ತೆಗೆಯಬೇಕು. ಗಂಟು ಹಾಕಿದ ಫ್ಲಾಸ್ ದಾರವನ್ನು ಸಂದಿಯಲ್ಲಿ ಎಳೆಯುವ ಹೊತ್ತಿಗೆ ಒಂದು ಗಳಿಗೆ ತಡವಾದರೂ ಕಲ್ಲು. ಇಂಪ್ಲಾಂಟಿನ ಕ್ಯಾಪಿನಲ್ಲಂತೂ ಒಸಡಿನ ಕೆಳಗೆ ಉಳಿದ ಚೂರು ಸಿಮೆಂಟು ಕೀವು ಬರಿಸಿ ಮೂಳೆಯನ್ನೇ ತಿನ್ನಿಸಬಲ್ಲದು. ಸಾಧ್ಯವಾದಲ್ಲೆಲ್ಲ ನಾನು ಅಲ್ಲಿ ಸಿಮೆಂಟು ಬಿಟ್ಟು ಸ್ಕ್ರೂ ಹಾಕುವ ಕ್ಯಾಪನ್ನೇ ಬಯಸುವುದು ಈ ಕಾರಣಕ್ಕೆ.

ಈಗ ಜಿರ್ಕೋನಿಯಾದ ಕಾಲ. ರೋಗಿಗಳು ಮೊಬೈಲಿನಲ್ಲಿ ನೋಡಿಕೊಂಡು ಬಂದು "ಒಡೆಯದಂಥದ್ದು ಹಾಕಿ" ಎನ್ನುತ್ತಾರೆ. ಪಿಂಗಾಣಿಯ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲ ಕೊರೆಯುತ್ತದೆ, ಸೈಲೇನ್ ಹಚ್ಚಿದರೆ ರೆಸಿನ್ ಹಿಡಿಯುತ್ತದೆ. ಜಿರ್ಕೋನಿಯಾ ಆ ಆಮ್ಲಕ್ಕೆ ಬಗ್ಗುವುದಿಲ್ಲ, ಅದರಲ್ಲಿ ಗಾಜಿನ ಅಂಶವೇ ಇಲ್ಲ. ಸಣ್ಣ ಅಲ್ಯುಮಿನಾ ಪುಡಿಯನ್ನು ಮೆಲ್ಲನೆಯ ಒತ್ತಡದಲ್ಲಿ ಎರಚಿ, ಹಳೆಯ ಪನಾವಿಯದ ಅದೇ ಎಂ.ಡಿ.ಪಿ.ಯ ಮೊರೆ ಹೋಗಬೇಕು. ಬಾಯಲ್ಲಿ ಹಾಕಿ ನೋಡುವಾಗ ಎಂಜಲಿನ ಫಾಸ್ಫೇಟು ಜಿರ್ಕೋನಿಯಾಕ್ಕೆ ಮೊದಲೇ ಅಂಟಿ ಕೂತುಬಿಡುತ್ತದೆ, ಆಮೇಲೆ ಎಂ.ಡಿ.ಪಿ.ಗೆ ಜಾಗವಿಲ್ಲ. ಅದಕ್ಕೆ ಬೇರೆಯದೇ ಕ್ಲೀನರು. ಹಲ್ಲಿನ ಗೋಡೆಗಳು ನೇರವಾಗಿ, ಸಾಕಷ್ಟು ಎತ್ತರವಾಗಿ ಇದ್ದರೆ ಈ ಯಾವ ರಗಳೆಯೂ ಬೇಡ. ಜಿರ್ಕೋನಿಯಾ ಗ್ಲಾಸ್ ಅಯಾನಮರಿನಲ್ಲೂ ಚೆನ್ನಾಗಿ ಕೂರುತ್ತದೆ. ಅಂಟು ಬಲವಾದಷ್ಟೂ ಕೊರೆಯುವ ಕೈ ಸೋಮಾರಿಯಾಗುತ್ತಿದೆ ಎಂಬುದು ನನ್ನ ಗುಮಾನಿ. ನಗರದಿಂದ ಬಂದ ಒಬ್ಬರ ಕ್ಯಾಪಿನೊಳಗಿನ ಹಲ್ಲು ನೋಯುತ್ತಿತ್ತು. ರೆಸಿನ್ನಿನಲ್ಲಿ ಕೂರಿಸಿದ ಜಿರ್ಕೋನಿಯಾ. ಕಳಚುವ ಮಾತೇ ಇಲ್ಲ. ಡೈಮಂಡ್ ಬರ್ ಮೇಲೆ ಬರ್ ಸವೆಸಿ, ಕಿಡಿ ಹಾರಿಸಿ, ಚೂರು ಚೂರಾಗಿ ಒಡೆದು ತೆಗೆದೆ. ಅಷ್ಟು ದುಬಾರಿ ಕ್ಯಾಪು ಟ್ರೇಯಲ್ಲಿ ಪುಡಿಯಾಗಿ ಬಿದ್ದಿತ್ತು. ಹೆಗಡೆಯವರ ಲೋಹದ ಕ್ಯಾಪು ನೆನಪಾಗಿ ನಗು ಬಂತು.

ಇನ್ನೊಂದು ಕಡೆ, ಹಾಳೆಯಷ್ಟು ತೆಳುವಾದ ವೆನೀರುಗಳಿಗೆ ರೆಸಿನ್ ಬಿಟ್ಟು ಗತಿಯಿಲ್ಲ ಎನ್ನುವುದೂ ನಿಜ. ಅಲ್ಲಿ ಹಿಡಿಯಲು ಗೋಡೆಯೂ ಇಲ್ಲ, ಪಿಂಗಾಣಿಗೆ ಸ್ವಂತ ಬಲವೂ ಇಲ್ಲ. ಅಂಟಿದ ಮೇಲೆಯೇ ಅದಕ್ಕೆ ಶಕ್ತಿ ಬರುವುದು.

ಮೊನ್ನೆ ಹುಬ್ಬಳ್ಳಿಯ ಡೀಲರ್ ಹುಡುಗ ಆರ್ಡರ್ ಪುಸ್ತಕ ಹಿಡಿದು ಬಂದಿದ್ದ. ಹೊಸ ಯೂನಿವರ್ಸಲ್ ಸಿಮೆಂಟಿನ ಸಿರಿಂಜು ಮುಂದಿಟ್ಟು, "ಇದೊಂದ ಇದ್ರ ಸಾಕ್ರೀ ಮೇಡಂ, ಎಲ್ಲಾದಕ್ಕೂ ನಡಿತೈತಿ. ಆ ಜಿಂಕ್ ಫಾಸ್ಫೇಟ್ ಈಗ ಯಾರ್ ತಗೋತಾರ್ರೀ?" ಎಂದ. ನಾನು ಅವನಿಗೆ ಆ ವಾರದ ರೋಗಿಗಳ ಪಟ್ಟಿ ಹೇಳಿದೆ. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪು, ಒಬ್ಬ ಹುಡುಗಿಗೆ ಮುಂದಿನ ಹಲ್ಲಿನ ವೆನೀರು, ಗೋಡೆಯೇ ಉಳಿಯದ ಮೊಟಕು ಹಲ್ಲೊಂದು, ನೋವು ನಿಲ್ಲುತ್ತದೋ ಇಲ್ಲವೋ ಎಂದು ಒಂದು ತಿಂಗಳು ಕಾದು ನೋಡಬೇಕಾದ ಬ್ರಿಡ್ಜೊಂದು. ಇದರಲ್ಲಿ ಯಾವುದನ್ನು ಮತ್ತೆ ಬಿಚ್ಚಬೇಕಾಗಿ ಬರಬಹುದು, ಯಾವುದಕ್ಕೆ ನಿನ್ನ ಸಿರಿಂಜು ಆಗದು, ನೀನೇ ಹೇಳು ಎಂದೆ. ಅವನು ತಲೆ ಕೆರೆದುಕೊಂಡು ಪೆನ್ನು ತೆಗೆದ. "ಹಂಗಾರ ಎಲ್ಲಾದ್ರಾಗೂ ಒಂದೊಂದು ಬರಕೊಳ್ಳೇನ್ರೀ?"

ಬರೆದುಕೊ ಎಂದೆ. ಜಿಂಕ್ ಫಾಸ್ಫೇಟಿನ ಎಕ್ಸ್‌ಪೈರಿ ದಿನಾಂಕ ನೋಡಿ ತರಬೇಕೆಂದು ಅಕ್ಕ ಒಳಗಿನಿಂದಲೇ ಕೂಗಿ ಹೇಳಿದರು.